ಒಂಬತ್ತನೇ ಹಾಡು ಮುಗಿಯುವವರೆಗೆ

ಕೋಸ್ಕಿಲಹ್ತಿ ಪೊಲೀಸ್ ಠಾಣೆ. ದಿನಾಂಕ 3-4-2001, ಮಂಗಳವಾರ, ಬೆಳಿಗ್ಗೆ 11.20 ಗಂಟೆ. ಹಿರಿಯ ಕಾನ್‌ಸ್ಟೆಬಲ್ ನಿಯಿನಾ ಪಾಲೋಸಾರಿ ಅವರ ಮುಂದೆ ಹೇಳಿ ಬರೆಸಿದ್ದು.

ನಾನು ಮಾರ್ಕೆಟ್ಟಾ ಹ್ಯುಟ್ಟಿನೆನ್, ವಯಸ್ಸು 47 ವರ್ಷ, ಉದ್ಯೋಗ ಸಾಮಿಲ್ಲಿನ ದಿಮ್ಮಿ ಯಾರ್ಡಿನಲ್ಲಿ ಲೋಡರ್ ಚಾಲಕಿ, ವಾಸ ಫಿನ್ಲೆಂಡಿನ ಕೋಸ್ಕಿಲಹ್ತಿ ಪಟ್ಟಣದ ಬಂದರು ರಸ್ತೆ, ಮನೆ ನಂಬರು 14, ಎರಡನೇ ಮಹಡಿ. ಯಾರೂ ಕರೆಸದೆ, ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಫೆಬ್ರವರಿ 5ರಂದು ಮಧ್ಯಾಹ್ನ 3.40ಕ್ಕೆ ಇದೇ ಠಾಣೆಯವರಿಗೆ ನಾನು ಕೊಟ್ಟ ಹೇಳಿಕೆಯಲ್ಲಿ ಒಂದು ಮಾತು ಸುಳ್ಳು. ತೈಸ್ತೊ ಲಂಪೆಲಾ ಅವರು ಯಾರ್ಡಿನೊಳಗೆ ಬರುವ ಮೊದಲು ವಾಕಿಟಾಕಿಯಲ್ಲಿ ಕರೆದಿದ್ದರೇ ಎಂದು ಆ ದಿನ ಕೇಳಲಾಗಿತ್ತು. "ಕರೆ ಬರಲಿಲ್ಲ" ಎಂದು ನಾನು ಹೇಳಿದ್ದೆ. ಆ ಎರಡು ಪದ ತಿದ್ದಲು ಬಂದಿದ್ದೇನೆ. ತಿದ್ದಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ನಾನು ಹನ್ನೊಂದು ವರ್ಷದಿಂದ ಲೋಡರ್ ಓಡಿಸುತ್ತಿದ್ದೇನೆ. ಮುಂದುಗಡೆ ಕಬ್ಬಿಣದ ಇಕ್ಕಳ ಇರುವ ದೊಡ್ಡ ಚಕ್ರದ ಯಂತ್ರ. ಲಾರಿಯಿಂದ ದಿಮ್ಮಿಗಳನ್ನು ಹಿಡಿದೆತ್ತಿ ರಾಶಿಗೆ ಹಾಕುವುದು, ರಾಶಿಯಿಂದ ತೆಗೆದು ಗರಗಸದ ಕಡೆಗೆ ಕೊಡುವುದು, ಇಷ್ಟೇ ಕೆಲಸ. ಬೆಳಿಗ್ಗೆ ಆರಕ್ಕೆ ಹತ್ತಿದರೆ ಎರಡಕ್ಕೆ ಇಳಿಯುತ್ತೇನೆ. ಕ್ಯಾಬಿನ್ನಿನಲ್ಲಿ ಒಬ್ಬಳೇ. ಅಲ್ಲಿನ ರೇಡಿಯೊ ಎಂಜಿನ್ನಿನ ಗದ್ದಲದಲ್ಲಿ ಕೇಳುವುದಿಲ್ಲ. ಕ್ಯಾಸೆಟ್ ಇಟ್ಟರೆ ಚಳಿಗೆ ಟೇಪು ಸಿಕ್ಕಿಕೊಳ್ಳುತ್ತಿತ್ತು. ಸಿ.ಡಿ. ಹಾಕಿದರೆ ಇಕ್ಕಳ ಒಂದು ಸಲ ನೆಲಕ್ಕೆ ಬಡಿದರೆ ಸಾಕು, ಹಾಡು ಎಲ್ಲಿಂದ ಎಲ್ಲಿಗೋ ಹಾರುತ್ತಿತ್ತು. ನನಗೆ ಹಾಡು ಬೇಕು. ಯಾಕೆ ಎಂದು ಕೇಳಿದರೆ ಉತ್ತರ ಇಲ್ಲ. ಕೆಲವರಿಗೆ ಸಿಗರೇಟು ಬೇಕಾದ ಹಾಗೆ.

1999ರ ಅಕ್ಟೋಬರಿನಲ್ಲಿ ಪೇಟೆಯ ಅಂಗಡಿಯ ಗಾಜಿನೊಳಗೆ ಒಂದು ಎಂಪಿತ್ರೀ ಪ್ಲೇಯರ್ ನೋಡಿದೆ. ಅಂಗೈಯಷ್ಟು ಉದ್ದ, ಬೂದು ಬಣ್ಣ, ಒಂದೇ ಒಂದು ಬ್ಯಾಟರಿ. ಒಳಗೆ ತಿರುಗುವಂಥದ್ದು ಏನೂ ಇಲ್ಲ, ಎಷ್ಟು ಅಲುಗಾಡಿಸಿದರೂ ಹಾಡು ಕಡಿಯುವುದಿಲ್ಲ ಎಂದು ಅಂಗಡಿಯ ಹುಡುಗಿ ಹೇಳಿದಳು. ನಾನು ಅದನ್ನು ಕಿವಿಗೆ ಹಾಕಿಕೊಂಡು ಅಂಗಡಿಯಲ್ಲೇ ಹತ್ತು ಸಲ ಕುಣಿದು ನೋಡಿದೆ. ಕಡಿಯಲಿಲ್ಲ. ಆ ಹುಡುಗಿ ನಗುತ್ತ, "ಮಗನಿಗಾ?" ಎಂದಳು. "ಅಲ್ಲ, ನಂಗೇ" ಎಂದೆ. "ಮನೇಲಿ ಕಂಪ್ಯೂಟರ್ ಇದೆ ತಾನೆ? ಇಲ್ದಿದ್ರೆ ಇದಕ್ಕೆ ಹಾಡು ತುಂಬೋಕಾಗಲ್ಲ" ಎಂದಳು. ಇದೆ ಎಂದೆ. ಇರಲಿಲ್ಲ. ಅದು ಮೂರು ವಾರ ನನ್ನ ಅಡುಗೆಮನೆಯ ಕಿಟಕಿಯ ಬಳಿ ಖಾಲಿ ಬಿದ್ದಿತ್ತು.

ತೈಸ್ತೊ ಲಂಪೆಲಾ ಅವರು ನಮ್ಮ ಯಾರ್ಡಿನಲ್ಲಿ ದಿಮ್ಮಿ ಅಳೆಯುವವರು. ವಯಸ್ಸು 52. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ರಾಶಿಗಳ ನಡುವೆ ನಡೆದು, ದಿಮ್ಮಿಯ ತುದಿಯಲ್ಲಿ ದಪ್ಪ ಅಳೆದು, ಬಣ್ಣದಲ್ಲಿ ಅಂಕಿ ಬರೆಯುತ್ತಾರೆ. ಹೊಸಬರಿಗೆಲ್ಲ ಸುರಕ್ಷತೆಯ ನಿಯಮ ಹೇಳಿಕೊಡುವವರೂ ಅವರೇ. ಕಾಫಿ ಕೋಣೆಯಲ್ಲಿ ಅವರು ನನ್ನ ಪ್ಲೇಯರನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದೇನೇ ಇದು, ಇಲಿಗಳ ಸೋಪಿನ ಡಬ್ಬಿಯಾ?" ಎಂದರು. ವಿಷಯ ಹೇಳಿದೆ. "ಖಾಲಿ ಡಬ್ಬಿ ಜೇಬಲ್ಲಿಟ್ಕೊಂಡು ತಿರುಗ್ತಿದ್ದೀಯಾ? ನಮ್ಮನೇಲಿ ಓಟಿ ಇದ್ದಾಳೆ, ಕಂಪ್ಯೂಟರ್ ಬಿಟ್ಟು ಏಳಲ್ಲ. ಶುಕ್ರವಾರ ಬಾ" ಎಂದರು. ಓಟಿ ಅವರ ಮಗಳು, ಈಗ ಹದಿನಾರು ವರ್ಷ.

ಅಂದಿನಿಂದ ಶುಕ್ರವಾರ ಸಂಜೆ ಐದಕ್ಕೆ ಅವರ ಮನೆಗೆ ಹೋಗುವುದು ವಾಡಿಕೆಯಾಯಿತು. ಅವರ ಹೆಂಡತಿ ರೈಲಿ ಕಾಫಿ ಮಾಡಿ ಏಲಕ್ಕಿ ಬನ್ನು ಇಡುತ್ತಿದ್ದರು. ಓಟಿ ದಪ್ಪ ವೈರು ಸಿಕ್ಕಿಸಿ ಹಳೆಯ ಹಾಡು ಅಳಿಸಿ ಹೊಸದು ತುಂಬುತ್ತಿದ್ದಳು. ಅದರಲ್ಲಿ ಹಿಡಿಯುತ್ತಿದ್ದದ್ದು ಒಂಬತ್ತೇ ಹಾಡು. ಹತ್ತನೆಯದಕ್ಕೆ ಜಾಗ ಇಲ್ಲ. ಎಂಟು ನಾನು ಆರಿಸುತ್ತಿದ್ದೆ. ಒಂಬತ್ತನೆಯದು ತೈಸ್ತೊ ಅವರದು, ನನಗೆ ಹೇಳದೆ ಹಾಕಿಸುತ್ತಿದ್ದರು. ಸೋಮವಾರ ಹತ್ತೂವರೆಯ ಕಾಫಿಗೆ ನಾನು ಅದು ಏನೆಂದು ಹೇಳಬೇಕು. ಒಂದು ಸಲ ಹಂದಿ ಸಾಕುವವರ ಸಂಘದ ಗೀತೆ ಹಾಕಿಸಿದ್ದರು. ಒಂದು ಸಲ ಬರೀ ಹವಾಮಾನ ವರದಿ.

ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ, ನನಗೂ ತೈಸ್ತೊ ಅವರಿಗೂ ಬೇರೆ ಯಾವ ಸಂಬಂಧವೂ ಇರಲಿಲ್ಲ. ಕಾಫಿ, ಬನ್ನು, ಒಂಬತ್ತು ಹಾಡು. ನನ್ನ ಮದುವೆ ಮುರಿದು ಹದಿನಾಲ್ಕು ವರ್ಷವಾಗಿದೆ. ಶುಕ್ರವಾರದ ಆ ಒಂದು ಗಂಟೆ ಬಿಟ್ಟರೆ ನಾನು ಬೇರೆಯವರ ಮನೆಯಲ್ಲಿ ಕೂರುವುದು ಕಡಿಮೆ.

ಕ್ಯಾಬಿನ್ನಿನಲ್ಲಿ ಕಿವಿಯೊಳಗೆ ಏನನ್ನೂ ಹಾಕಿಕೊಳ್ಳಬಾರದು ಎಂಬ ನಿಯಮ ನನಗೆ ಗೊತ್ತಿತ್ತು. 2000ದ ಜನವರಿಯಲ್ಲಿ ಆ ನಿಯಮದ ಕಾಗದಕ್ಕೆ ರುಜು ಹಾಕಿದ್ದೇನೆ. ಆದರೂ ಹಾಕಿಕೊಳ್ಳುತ್ತಿದ್ದೆ. ವೈರನ್ನು ಮೇಲಂಗಿಯೊಳಗಿಂದ ಕೊರಳಿಗೆ ತಂದು, ಮೇಲೆ ಉಣ್ಣೆಯ ಟೋಪಿ ಎಳೆದುಕೊಳ್ಳುತ್ತಿದ್ದೆ. ಇದು ಗೊತ್ತಿದ್ದವರು ತೈಸ್ತೊ ಒಬ್ಬರೇ. ಮೊದಲ ವಾರವೇ ಅವರು, "ನೋಡು, ನಾನೇನೂ ನೋಡಿಲ್ಲ. ಆದ್ರೆ ಒಂದು ಕಿವಿ ನಂಗೆ ಬಿಟ್ಟಿರು ಮಾರಾಯ್ತಿ. ನಾನು ಕೆಳಗಡೆ ಓಡಾಡೋನು" ಎಂದಿದ್ದರು. ಹದಿನೈದು ತಿಂಗಳು ಹಾಗೇ ಮಾಡಿದೆ. ಎಡಗಿವಿಗೆ ಹಾಡು, ಬಲಗಿವಿ ಖಾಲಿ.

ಯಾರ್ಡಿನ ಪದ್ಧತಿ ಹೀಗಿದೆ. ಕಾಲ್ನಡಿಗೆಯಲ್ಲಿ ಬರುವವರು ಯಾವ ರಾಶಿಯ ಹತ್ತಿರ ಬರುತ್ತಿದ್ದೇವೆಂದು ವಾಕಿಟಾಕಿಯಲ್ಲಿ ಹೇಳಬೇಕು. ಲೋಡರ್‌ನವರು ಉತ್ತರ ಕೊಟ್ಟ ಮೇಲೆಯೇ ಒಳಗೆ ಕಾಲಿಡಬೇಕು. ಅವರು ಹೊರಗೆ ಬಂದೆವು ಎನ್ನುವವರೆಗೆ ಆ ರಾಶಿಯನ್ನು ಲೋಡರ್ ಮುಟ್ಟಬಾರದು. ಬಾಯಲ್ಲಿ "ಸರಿ" ಎನ್ನುವ ಬದಲು ಮಾತಿನ ಗುಂಡಿಯನ್ನು ಎರಡು ಸಲ ಒತ್ತಿದರೂ ಆಗುತ್ತದೆ. ಆ ಕಡೆ ಟಿಕ್ ಟಿಕ್ ಎಂದು ಕೇಳುತ್ತದೆ. ಕೈಯಲ್ಲಿ ಕೆಲಸ ಇದ್ದಾಗ ಎಲ್ಲರೂ ಹಾಗೇ ಮಾಡುತ್ತೇವೆ.

ಫೆಬ್ರವರಿ 2, ಶುಕ್ರವಾರ. ನಾನು ಎಂದಿನಂತೆ ಅವರ ಮನೆಗೆ ಹೋದೆ. ಓಟಿ ನನ್ನ ಮುಖ ನೋಡಿ ನಗು ತಡೆಯುತ್ತಿದ್ದಳು. ರೈಲಿ ಕೂಡ ಒಲೆಯ ಕಡೆ ತಿರುಗಿ ನಿಂತಿದ್ದರು. "ಏನ್ ಹಾಕಿದ್ದೀರಿ ಈ ಸಲ?" ಎಂದೆ. "ಸೋಮವಾರ ಕೇಳು. ಕೇಳಿದ ಮೇಲೆ ಕೆಲ್ಸಕ್ಕೆ ಬರ್ತೀಯೋ ರಾಜೀನಾಮೆ ಕೊಡ್ತೀಯೋ ನೋಡೋಣ" ಎಂದರು ತೈಸ್ತೊ. ಶನಿವಾರ, ಭಾನುವಾರ ನಾನು ಪ್ಲೇಯರ್ ಮುಟ್ಟಲಿಲ್ಲ. ಸೋಮವಾರಕ್ಕೆ ಇಟ್ಟುಕೊಳ್ಳುವುದು ನನಗೇ ಇಷ್ಟ.

ಫೆಬ್ರವರಿ 5, ಸೋಮವಾರ. ಮೈನಸ್ ಹತ್ತೊಂಬತ್ತು ಡಿಗ್ರಿ, ಗಾಳಿ ಇರಲಿಲ್ಲ. ದಿಮ್ಮಿಗಳ ಮೇಲೆಲ್ಲ ಹಿಮ ಕಟ್ಟಿ ಜಾರುತ್ತಿತ್ತು. ಆರರಿಂದ ಒಂಬತ್ತೂವರೆವರೆಗೆ ಲಾರಿ ಖಾಲಿ ಮಾಡಿದೆ. ಎಂಟು ಹಾಡುಗಳನ್ನು ಸುತ್ತು ತಿರುಗಿಸಿ ಕೇಳಿದೆ, ಒಂಬತ್ತನೆಯದು ಬಂದಾಗಲೆಲ್ಲ ಮುಂದಕ್ಕೆ ಒತ್ತಿದೆ. ಕಾಫಿಗೆ ಮುಂಚೆ ಕೇಳಿದರಾಯಿತು ಎಂದು. 10.09ಕ್ಕೆ ಇಕ್ಕಳ ತುಂಬ ದಿಮ್ಮಿ ಹಿಡಿದು ಏಳನೇ ರಾಶಿಯ ಕಡೆಗೆ ಹೊರಟೆ. ಗಂಟೆ ಸರಿಯಾಗಿ ಗೊತ್ತು, ಕ್ಯಾಬಿನ್ನಿನ ಗಡಿಯಾರ ನನ್ನ ಮುಂದೆಯೇ ಇದೆ. ಒಂಬತ್ತನೆಯದನ್ನು ಹಾಕಿದೆ.

ಮೊದಲಿಗೆ ಏನೂ ಕೇಳಲಿಲ್ಲ. ಆಮೇಲೆ ಕುರ್ಚಿ ಎಳೆದ ಸದ್ದು, ಗಡಿಯಾರದ ಟಿಕ್ ಟಿಕ್. ನಂತರ ಅಕಾರ್ಡಿಯನ್. ಹಳೆಯ ಕುಣಿತದ ಹಾಡು, ನಾಲ್ಕು ಸ್ವರಕ್ಕೊಂದು ತಪ್ಪು. ಅದು ಅವರ ಅಡುಗೆಮನೆ ಎಂದು ಗಡಿಯಾರದಿಂದ ಗೊತ್ತಾಯಿತು. ನುಡಿಸುತ್ತಿದ್ದದ್ದು ತೈಸ್ತೊ. ಅವರ ಅಪ್ಪನ ಅಕಾರ್ಡಿಯನ್ ಅಟ್ಟದ ಮೇಲಿದೆ, ಇಪ್ಪತ್ತು ವರ್ಷದಿಂದ ಮುಟ್ಟಿಲ್ಲ ಎಂದು ಒಮ್ಮೆ ಹೇಳಿದ್ದರು. ಮಗಳ ಕೈಯಿಂದ ಮೈಕು ಇಡಿಸಿ ನುಡಿಸಿದ್ದರು. ಸದ್ದು ತೀರಾ ಸಣ್ಣದಾಗಿತ್ತು. ಪೂರ್ತಿ ಏರಿಸಿದರೂ ಎಂಜಿನ್ನಿನ ಮುಂದೆ ನಿಲ್ಲುತ್ತಿರಲಿಲ್ಲ. ಆಗ ನಾನು ಬಲಗಿವಿಗೂ ಹಾಕಿಕೊಂಡೆ. ಹದಿನೈದು ತಿಂಗಳಲ್ಲಿ ಮೊದಲ ಸಲ.

ಹಾಡಿನ ನಡುವೆ ಅವರ ನಾಯಿ ಒಮ್ಮೆ ಬೊಗಳಿತು. "ಸುಮ್ನಿರೋ" ಎಂದು ರೈಲಿ ಗದರಿದ್ದು ಕೇಳಿಸಿತು. ಅದಾದ ಮೇಲೆ ವಾಕಿಟಾಕಿಯಲ್ಲಿ ತೈಸ್ತೊ ಅವರ ದನಿ ಬಂತು. "ಮಾರ್ಕೆಟ್ಟಾ, ಏಳನೇ ರಾಶಿ ಹಿಂದೆ ಹೋಗ್ತಿದ್ದೀನಿ." ಇಷ್ಟು.

ನನಗೆ ಕೇಳಿಸಿತು. ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ ಎಂದು ಹೇಳಬಹುದು. ಆದರೆ ಕಿವಿಗೆ ಬಿದ್ದದ್ದು ನಿಜ. ಇಯರ್‌ಫೋನ್ ತೆಗೆದು "ಎಷ್ಟನೇ ರಾಶಿ?" ಎಂದು ಕೇಳಬೇಕಿತ್ತು. ಹಾಡು ಇನ್ನೇನು ಮುಗಿಯುವುದರಲ್ಲಿತ್ತು. ಮುಗಿಯಲಿ ಎಂದುಕೊಂಡೆ. ಕಾಫಿಯಲ್ಲಿ ಅವರನ್ನು ಹೇಗೆ ರೇಗಿಸಬೇಕು ಎಂದು ಯೋಚಿಸುತ್ತಿದ್ದೆ. ಹೆಬ್ಬೆರಳಿನಿಂದ ಗುಂಡಿಯನ್ನು ಎರಡು ಸಲ ಒತ್ತಿದೆ.

ಅವರು ಆ ಟಿಕ್ ಟಿಕ್ ಕೇಳಿ ಒಳಗೆ ಹೋಗಿದ್ದಾರೆ. ನಿಯಮದ ಪ್ರಕಾರವೇ ಹೋಗಿದ್ದಾರೆ.

ಏಳನೇ ರಾಶಿಯ ಎತ್ತರ ಸುಮಾರು ನಾಲ್ಕು ಮೀಟರ್. ಅದರ ಹಿಂದೆ ಇರುವವರು ನನಗೆ ಕಾಣುವುದಿಲ್ಲ. 10.13ಕ್ಕೆ ಇಕ್ಕಳ ಎತ್ತಿ ದಿಮ್ಮಿಗಳನ್ನು ರಾಶಿಯ ಮೇಲೆ ಬಿಟ್ಟೆ. ರಾಶಿ ಒಮ್ಮೆ ಉಸಿರೆಳೆದ ಹಾಗೆ ಏರಿ ಆ ಕಡೆಗೆ ಜಾರಿತು. ಹಾಗೆ ಜಾರುವುದು ಚಳಿಗಾಲದಲ್ಲಿ ಹೊಸದಲ್ಲ. ನಾನು ಇಕ್ಕಳ ಇಳಿಸಿದೆ. ಹಾಡು ಮುಗಿಯಿತು. ಕೊನೆಯಲ್ಲಿ ತೈಸ್ತೊ ಅವರು, "ಇಷ್ಟೇ ಕಣೇ, ಇನ್ನು ಕೆಲ್ಸ ನೋಡು" ಎಂದದ್ದೂ ಅದರಲ್ಲಿತ್ತು. ನಗುತ್ತಾ ಇಯರ್‌ಫೋನ್ ತೆಗೆದೆ.

ವಾಕಿಟಾಕಿಯಲ್ಲಿ ಯಾರೋ ಉಸಿರಾಡುತ್ತಿದ್ದರು. ಮಾತಿಲ್ಲ. ಬರೀ ಉಸಿರು. ಆಗ ನನಗೆ "ಏಳನೇ" ಎಂಬ ಪದ ನೆನಪಾಯಿತು.

ಮೇಲ್ವಿಚಾರಕರನ್ನು ಕರೆಯಲು ಗುಂಡಿ ಒತ್ತಿದೆ, ಹೋಗಲಿಲ್ಲ. ತೈಸ್ತೊ ಅವರ ಎದೆಯ ಮೇಲಿದ್ದ ವಾಕಿಟಾಕಿಯ ಗುಂಡಿ ದಿಮ್ಮಿಯ ಅಡಿಗೆ ಸಿಕ್ಕಿ ಒತ್ತಿಕೊಂಡೇ ಇತ್ತು, ಆದ್ದರಿಂದ ಬೇರೆ ಯಾರ ಮಾತೂ ಹೋಗುವಂತಿರಲಿಲ್ಲ. ಇಳಿದು ರಾಶಿಯ ಆ ಬದಿಗೆ ಓಡಿದೆ, ಮೂವತ್ತೈದು ಮೀಟರ್. ಸೊಂಟದಿಂದ ಮೇಲೆ ಕಾಣುತ್ತಿದ್ದರು. ಟೋಪಿ ಬಿದ್ದಿತ್ತು, ಹಣೆಯಿಂದ ರಕ್ತ ಬರುತ್ತಿತ್ತು. ಕಣ್ಣು ಬಿಟ್ಟಿದ್ದರು. ಬಲಗಾಲಿನ ಮೇಲೆ ಮೂರು ದಿಮ್ಮಿ. "ತೈಸ್ತೊ" ಎಂದು ಕರೆದೆ. ಉತ್ತರ ಕೊಡಲಿಲ್ಲ. ಅವರ ವಾಕಿಟಾಕಿಯ ಮೂಲಕ ನನ್ನ ದನಿ ನನ್ನ ಕ್ಯಾಬಿನ್ನಿನಲ್ಲಿ ಮಾರ್ದನಿಸುವುದು ಅಲ್ಲಿಯವರೆಗೆ ಕೇಳುತ್ತಿತ್ತು.

ಆಫೀಸಿಗೆ ನೂರೆಂಬತ್ತು ಮೀಟರ್. ಓಡಿದೆ. ಮೇಲ್ವಿಚಾರಕ ಕ್ಯೊಸ್ತಿ ವಾರಾಲಾ ಅವರು ಫೋನು ಮಾಡಿದರು. ಹಿಂದಕ್ಕೆ ಬಂದು, ಅವರು ಕೈ ತೋರಿಸಿದ ಹಾಗೆ ನಾನೇ ಲೋಡರ್‌ನಲ್ಲಿ ದಿಮ್ಮಿಗಳನ್ನು ಒಂದೊಂದಾಗಿ ಎತ್ತಿದೆ. ಬೇರೆ ಯಾರಿಗೂ ಆ ಯಂತ್ರ ಅಷ್ಟು ಮೆಲ್ಲಗೆ ಆಡಿಸಲು ಬರುವುದಿಲ್ಲ. 10.41ಕ್ಕೆ ಆಂಬುಲೆನ್ಸ್ ಬಂತು.

ಅದು ಹೋದ ಮೇಲೆ ಕ್ಯೊಸ್ತಿ ನನ್ನ ಹತ್ತಿರ ಬಂದು, "ಕೊರಳಿನ ಜಿಪ್ ಹಾಕ್ಕೋ. ಚಳಿ ಇದೆ" ಎಂದರು. ಆಗ ಇಯರ್‌ಫೋನ್ ವೈರು ನನ್ನ ಕೊರಳಲ್ಲಿ ಹೊರಗೆ ನೇತಾಡುತ್ತಿತ್ತು. ಅವರು ಅದನ್ನು ನೋಡಿ ಹೇಳಿದರೋ, ಬರೀ ಚಳಿಗೆ ಹೇಳಿದರೋ ನನಗೆ ಗೊತ್ತಿಲ್ಲ. ಊಹೆಯ ಮೇಲೆ ಯಾರ ಹೆಸರನ್ನೂ ಎಳೆಯುವುದಿಲ್ಲ. ಜಿಪ್ ಹಾಕಿಕೊಂಡವಳು ನಾನು.

ಮಧ್ಯಾಹ್ನ ನಿಮ್ಮ ಠಾಣೆಯ ಒಬ್ಬರು ಬಂದು ಕೇಳಿದರು. ತೈಸ್ತೊ ಕರೆದಿದ್ದರೇ ಎಂಬುದು ಮೂರನೆಯ ಪ್ರಶ್ನೆ. ಬೆಳಿಗ್ಗೆ ಕರೆ ಬಂದ ಹೊತ್ತಿಗೆ ಕ್ಯೊಸ್ತಿ ಅವರ ವಾಕಿಟಾಕಿ ಚಾರ್ಜಿಗೆ ಇಟ್ಟಿತ್ತು, ಆ ಮಾತು ಗೊತ್ತಿರುವುದು ನನಗೆ ಮತ್ತು ತೈಸ್ತೊ ಅವರಿಗೆ ಮಾತ್ರ ಎಂದು ನನಗೆ ಗೊತ್ತಿತ್ತು. ಕರೆ ಬರಲಿಲ್ಲ ಎಂದೆ. ಕಿವಿಯಲ್ಲಿ ಏನಾದರೂ ಇತ್ತೇ ಎಂದು ಅವರು ಕೇಳಲಿಲ್ಲ.

ತೈಸ್ತೊ ಅವರ ಬಲಗಾಲನ್ನು ಮಂಡಿಯಿಂದ ಕೆಳಗೆ ತೆಗೆದರು. ತಲೆಗೆ ಬಿದ್ದ ಪೆಟ್ಟಿನಿಂದ ಅವರಿಗೆ ಆ ದಿನ ಮನೆ ಬಿಟ್ಟ ಮೇಲಿನದು ಪೂರ್ತಿ ಮರೆತುಹೋಗಿದೆ. ಮನೆಯಲ್ಲಿ ಗಂಜಿ ಉಂಡದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಸೀಲಿಂಗು.

ಫೆಬ್ರವರಿ 14ರಂದು ನೋಡಲು ಹೋದಾಗ ಅವರು ನಿದ್ದೆಯಲ್ಲಿದ್ದರು. 25, ಭಾನುವಾರ ಮತ್ತೆ ಹೋದೆ. ರೈಲಿ ಬಟ್ಟೆ ಮಡಚುತ್ತಿದ್ದರು. ತೈಸ್ತೊ ದಿಂಬಿಗೆ ಒರಗಿ ಕೂತಿದ್ದರು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದ ಮೇಲೆ ರೈಲಿ ನೀರು ತರಲು ಹೋದರು. ಆಗ ಅವರು ದನಿ ತಗ್ಗಿಸಿ ಕೇಳಿದರು.

"ನಿಜ ಹೇಳು. ಅವತ್ತು ನಿನ್ ಕಿವೀಲಿ ಅದಿತ್ತಾ?"

"ಇಲ್ಲ. ಬೀರುವಿನಲ್ಲಿತ್ತು. ಕೇಳೇ ಇರ್ಲಿಲ್ಲ" ಎಂದೆ.

ಅವರು ನನ್ನನ್ನು ನೋಡುತ್ತ ಇದ್ದರು. ಆಮೇಲೆ ತಲೆಯಾಡಿಸಿ, "ಹಂಗಾದ್ರೆ ನಾನೇ ಕರೆಯದೆ ಒಳಗೆ ಬಂದಿರ್ಬೇಕು" ಎಂದರು. "ಎಲ್ರಿಗೂ ಪಾಠ ಹೇಳೋನು ನಾನು. ನಿನ್ ಕೈಯಲ್ಲಿ ಇಂಥದ್ದು ಮಾಡ್ಸಿಬಿಟ್ಟೆ ಮಾರಾಯ್ತಿ. ತಪ್ಪಾಯ್ತು" ಎಂದು ನನ್ನ ಕೈ ಹಿಡಿದುಕೊಂಡರು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ರೈಲಿ ನೀರಿನ ಹೂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಹಾಡು ಕೇಳಿದೆಯಾ ಎಂದು ಅವರು ಕೇಳಲೇ ಇಲ್ಲ. ಕೇಳಿಲ್ಲ ಎಂದು ನಾನಾಗಲೇ ಹೇಳಿಬಿಟ್ಟಿದ್ದೆ.

ಮಾರ್ಚ್ 16ರಂದು ಅವರನ್ನು ಮನೆಗೆ ಕಳಿಸಿದರು. 28ರಂದು ಮಿಲ್ಲಿನ ವರದಿ ಬಂತು. ನೋಟಿಸ್ ಬೋರ್ಡಿಗೂ ಹಾಕಿದ್ದರು. ಅಳತೆಗಾರನು ಕರೆ ನೀಡದೆ ಅಪಾಯದ ಜಾಗಕ್ಕೆ ಪ್ರವೇಶಿಸಿದ್ದೇ ಕಾರಣ ಎಂದಿತ್ತು. ನಾನು ಅದನ್ನು ನಿಂತು ಪೂರ್ತಿ ಓದಿದೆ. ನನ್ನ ಹೆಸರು ಅದರಲ್ಲಿ ಒಂದೇ ಸಲ ಬರುತ್ತದೆ, ಸಮಯಪ್ರಜ್ಞೆ ತೋರಿದವಳೆಂದು.

ಮಾರ್ಚ್ 31, ಶನಿವಾರ ಮಧ್ಯಾಹ್ನ ಎರಡಕ್ಕೆ ಅವರ ಮನೆಗೆ ಹೋದೆ. ಶುಕ್ರವಾರ ಹೋಗುವ ಧೈರ್ಯ ಇರಲಿಲ್ಲ. ತೈಸ್ತೊ ಊರುಗೋಲಿನಲ್ಲಿ ಅಡುಗೆಮನೆಯಲ್ಲಿ ಓಡಾಡುತ್ತಿದ್ದರು. ಕಾಲಿನ ವಿಷಯದಲ್ಲಿ ತಮಾಷೆ ಮಾಡಿದರು. "ಸಾಕ್ಸ್ ಖರ್ಚು ಅರ್ಧ" ಎಂದರು. ನಾನು ಕೂತಿದ್ದ ನಲವತ್ತು ನಿಮಿಷದಲ್ಲಿ ಅವರು ಒಲೆ ಆರಿಸಿದೆಯೇ ಎಂದು ನೋಡಲು ಐದು ಸಲ ಎದ್ದರು. ಒಲೆ ಹಚ್ಚಿಯೇ ಇರಲಿಲ್ಲ. ಆರನೇ ಸಲ ಎದ್ದಾಗ ರೈಲಿ, "ಕೂತ್ಕೋ ತೈಸ್ತೊ, ಆರಿದೆ" ಎಂದರು. "ಆರಿದೆ ಅಂತ ನಂಗೂ ಅನ್ಸುತ್ತೆ. ಅವತ್ತೂ ಕರೆದೆ ಅಂತ ಅನ್ಸಿರ್ಬೇಕಲ್ಲ?" ಎಂದರು ಅವರು.

ನಾನು ಹೊರಟಾಗ ಓಟಿ ಮೆಟ್ಟಿಲವರೆಗೆ ಬಂದಳು. ಅಪ್ಪ ಈಗ ಕಾರಿನ ಕೀಲಿಯನ್ನೇ ಮುಟ್ಟುವುದಿಲ್ಲ, ಎಡಗಾಲಿನಿಂದ ಓಡಿಸುವ ಕಾರು ಬರುತ್ತದೆ ಎಂದರೂ ಬೇಡ ಎನ್ನುತ್ತಾನೆ, ಹೆಸರುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ ಎಂದು ತಿಳಿಸಿದಳು. "ನನ್ನ ಹೆಸ್ರೂ ಬರೆದಿಟ್ಕೊಂಡಿದ್ದಾನೆ ಮಾರ್ಕೆಟ್ಟಾ. ಮರೆತಿಲ್ಲ. ಮರೆತ್ರೆ ಅಂತ" ಎಂದಳು. ವೈದ್ಯರು ತಲೆಗೆ ಏನೂ ತೊಂದರೆ ಇಲ್ಲ ಎಂದಿದ್ದಾರಂತೆ. ಆದರೆ ಅಪ್ಪ ನಂಬುತ್ತಿಲ್ಲ ಎಂದಳು.

ಕಾಲು ನಾನು ಕಿತ್ತುಕೊಂಡದ್ದು ಒಂದು ನಿಮಿಷದ ಕೆಲಸ. ಇದನ್ನು ನಾನು ಐವತ್ತನಾಲ್ಕು ದಿನದಿಂದ ದಿನವೂ ಮಾಡುತ್ತಿದ್ದೆ.

ಭಾನುವಾರ ಮನೆಯಲ್ಲೇ ಇದ್ದೆ. ಸೋಮವಾರ ಕೆಲಸ ಮಾಡಿದೆ. ಇವತ್ತು ರಜೆ ಹೇಳಿ ಬೆಳಿಗ್ಗೆ ಹತ್ತೂವರೆಗೆ ಅವರ ಮನೆಗೆ ಹೋದೆ. ಓಟಿ ಶಾಲೆಗೆ ಹೋಗಿದ್ದಳು. ತೈಸ್ತೊ ಮತ್ತು ರೈಲಿ ಮೇಜಿನ ಬಳಿ ಇದ್ದರು. ಕೋಟು ತೆಗೆಯದೆ, ಕೂರದೆ ಹೇಳಿದೆ. ಪ್ಲೇಯರ್ ಕಿವಿಯಲ್ಲಿತ್ತು, ಎರಡೂ ಕಿವಿಯಲ್ಲಿ. ನೀವು ಕರೆದಿರಿ. ನಾನು ಎರಡು ಸಲ ಗುಂಡಿ ಒತ್ತಿದೆ. ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

ತೈಸ್ತೊ ಅವರು ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟರು.

"ಎಷ್ಟನೇ ರಾಶಿ ಅಂದಿದ್ದೆ?" ಎಂದು ಕೇಳಿದರು.

"ಏಳು. 'ಏಳನೇ ರಾಶಿ ಹಿಂದೆ ಹೋಗ್ತಿದ್ದೀನಿ' ಅಂದ್ರಿ."

"ಹಿಂದೆ ಅಂತಲೂ ಹೇಳಿದ್ನಾ?"

"ಹೇಳಿದ್ರಿ."

"ನಿನ್ನ ಉತ್ರ ಬಂದ ಮೇಲೇ ಹೋದೆ."

"ಹೌದು."

ಅವರು ಹೆಂಡತಿಯ ಕಡೆ ತಿರುಗಿ, "ರೈಲಿ, ಕೇಳ್ದ್ಯಾ? ನಾನು ಕರೆದಿದ್ದೆ ಕಣೇ" ಎಂದರು. ಅದನ್ನೇ ಮತ್ತೊಮ್ಮೆ ಹೇಳಿದರು. ಆಮೇಲೆ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರ ಭುಜ ಅಲುಗುತ್ತಿತ್ತು. ನಾನು ಅವರನ್ನು ಹನ್ನೊಂದು ವರ್ಷದಿಂದ ಬಲ್ಲೆ, ಅತ್ತದ್ದನ್ನು ನೋಡಿರಲಿಲ್ಲ. ರೈಲಿ ಅವರ ಬೆನ್ನ ಮೇಲೆ ಕೈಯಿಟ್ಟು ನಿಂತರು. ನನ್ನ ಕಡೆ ನೋಡಲಿಲ್ಲ.

ಮುಖ ಒರೆಸಿಕೊಂಡ ಮೇಲೆ ತೈಸ್ತೊ, "ಹಾಡು ಹೆಂಗಿತ್ತು?" ಎಂದು ಕೇಳಿದರು.

ಚೆನ್ನಾಗಿತ್ತು ಎಂದು ಹೇಳಿದ್ದೇನೆ ಎಂದುಕೊಂಡಿದ್ದೇನೆ. ಖಚಿತವಿಲ್ಲ.

"ಸರಿ. ಇನ್ನು ನಮ್ಮನೆಯಿಂದ ಹೋಗು ಮಾರ್ಕೆಟ್ಟಾ" ಎಂದರು. ದನಿ ಏರಿಸಲಿಲ್ಲ. ನಾನು ಬಾಗಿಲು ದಾಟುವಾಗ ಹಿಂದಿನಿಂದ, "ರೈಲಿ, ಕಾರಿನ ಕೀಲಿ ಎಲ್ಲಿ?" ಎಂದು ಅವರು ಕೇಳಿದ್ದು ಕೇಳಿಸಿತು. "ನೀನಿವತ್ತು ಬೇಡ. ನಾನು ಹೋಗ್ತೀನಿ" ಎಂದು ರೈಲಿ ಹೇಳಿದ್ದೂ ಕೇಳಿಸಿತು.

ಅವರ ಮನೆಯಿಂದ ಠಾಣೆಗೆ ನಾಲ್ಕು ಕಿಲೋಮೀಟರ್. ನಾನು ನಡೆಯಲು ಶುರು ಮಾಡಿದ್ದೆ. ಇನ್ನೂರು ಮೀಟರ್ ಹೋಗುವುದರಲ್ಲಿ ರೈಲಿ ಕಾರು ತಂದು ಪಕ್ಕಕ್ಕೆ ನಿಲ್ಲಿಸಿ ಬಾಗಿಲು ತೆರೆದರು. ಹತ್ತಿದೆ. ಠಾಣೆಯ ಮುಂದೆ ನಿಲ್ಲಿಸಿ, "ಪೂರ್ತಿ ಹೇಳು" ಎಂದರು. ಈಗ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ನನ್ನನ್ನು ವಾಪಸ್ ಕರೆದೊಯ್ಯಲೋ, ನಾನು ಹೇಳಿದೆನೋ ಇಲ್ಲವೋ ಎಂದು ತಿಳಿಯಲೋ, ನಾನು ಕೇಳಿಲ್ಲ.

ಪ್ಲೇಯರನ್ನು, ಇಯರ್‌ಫೋನ್ ಸಹಿತ, ನಿಮ್ಮ ಮುಂದೆ ಮೇಜಿನ ಮೇಲೆ ಇಟ್ಟಿದ್ದೇನೆ. ಫೆಬ್ರವರಿ 5ರಿಂದ ಅದರಲ್ಲಿ ಏನನ್ನೂ ಅಳಿಸಿಲ್ಲ. ಹೊಸ ಬ್ಯಾಟರಿ ಹಾಕಿ ಒಂಬತ್ತನೆಯದನ್ನು ನೀವು ಪೂರ್ತಿ ಕೇಳಿ, ಗಡಿಯಾರ ಹಿಡಿದು ಬರೆದುಕೊಂಡಿದ್ದೀರಿ. ಒಟ್ಟು 3 ನಿಮಿಷ 52 ಸೆಕೆಂಡು. ನಾಯಿ ಬೊಗಳುವುದು 2 ನಿಮಿಷ 31 ಸೆಕೆಂಡಿಗೆ. ಹಾಗಾದರೆ ಅವರು ಕರೆದ ಮೇಲೆ ಹಾಡು ಇನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ಉಳಿದಿತ್ತು. ಇನ್ನೇನು ಮುಗಿಯುವುದರಲ್ಲಿತ್ತು ಎಂದು ಮೇಲೆ ಹೇಳಿದ್ದೇನೆ. ಹಾಗೆಂದು ನಾನು ಇಲ್ಲಿಯವರೆಗೂ ನಂಬಿದ್ದೆ. ಅದೂ ಸರಿಯಲ್ಲ. ಈ ವಸ್ತುವನ್ನು ನನಗೆ ಹಿಂತಿರುಗಿಸುವುದು ಬೇಡ. ತನಿಖೆ ಮುಗಿದ ಮೇಲೆ ಆ ಒಂಬತ್ತನೆಯದರ ಪ್ರತಿಯನ್ನು ಓಟಿ ಲಂಪೆಲಾ ಬಯಸಿದರೆ ಅವಳಿಗೆ ಕೊಡಬೇಕೆಂದು ಕೋರುತ್ತೇನೆ.

ಈ ಹೇಳಿಕೆಯನ್ನು ಬರೆದ ಮೇಲೆ ನನಗೆ ಓದಿ ಹೇಳಲಾಯಿತು. ಎರಡನೇ ಪುಟದ ಕೊನೆಯಲ್ಲಿ, ಇಯರ್‌ಫೋನ್ ಇದ್ದ ಕಾರಣ ಕರೆ ನನಗೆ "ಸರಿಯಾಗಿ ಕೇಳಿಸಲಿಲ್ಲ" ಎಂದು ಬರೆದಿತ್ತು. ಹಾಗೇ ಇದ್ದರೆ ನನಗೆ ಅನುಕೂಲ ಎಂದು ಪಾಲೋಸಾರಿ ಅವರು ಹೇಳಲಿಲ್ಲ, ಆದರೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕಾದರು. ಆ ಎರಡು ಪದ ಹೊಡೆದುಹಾಕಿ "ಕೇಳಿಸಿತು" ಎಂದು ಬರೆಯಲು ಹೇಳಿದೆ. ಬರೆದರು. ಪಕ್ಕದಲ್ಲಿ ಚಿಕ್ಕ ರುಜು ಹಾಕಿದ್ದೇನೆ.

ತಿದ್ದಿದ ಮೇಲೆ ಇದರಲ್ಲಿರುವುದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಇದಕ್ಕಿಂತ ಕಡಿಮೆ ಹೇಳಿದ ನನ್ನ ಹಿಂದಿನ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಬಾರದು.

ಸ್ಥಳ: ಕೋಸ್ಕಿಲಹ್ತಿ
ದಿನಾಂಕ: 3-4-2001, ಮಧ್ಯಾಹ್ನ 1.05

ರುಜು
ಮಾರ್ಕೆಟ್ಟಾ ಹ್ಯುಟ್ಟಿನೆನ್